ಕಾಜಾ ಅಕ್ಕನ ಕೈಯ ಅಳತೆ

ಕಾಜಾ ಅಕ್ಕನಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಆಸ್ಪತ್ರೆಯ ಬೆಂಚಿನಿಂದ ಎದ್ದು ಕಿಟಕಿಯ ತನಕ ಹೋಗುವಳು, ಗಡಿಯಾರ ನೋಡುವಳು, ಮತ್ತೆ ಬಂದು ಬೆಂಚಿನ ತುದಿಯಲ್ಲಿ ಕೂರುವಳು.

"ಅತ್ತಿಗೆ, ಕಾಲಿಗೆ ಚಕ್ರ ಕಟ್ಕೊಂಡು ಬಂದಿದೀರಾ?" ಎಂದಳು ಜೊತೆಗೆ ಬಂದಿದ್ದ ನಾದಿನಿ.

"ಸುಮ್ನಿರೇ. ನಿನ್ನ ಬಾಯಿಗೂ ಎರಡು ಗುಂಡಿ ಹೊಲೀಬೇಕು."

ಗುಂಡಿ ಕಾಜಾಗಳೇ ಅವಳ ಬದುಕು. ಅಂಗಿಯಲ್ಲಿ ಗುಂಡಿ ತೂರುವ ಕಂಡಿಗೆ ಕಾಜಾ ಎನ್ನುತ್ತಾರೆ. ಅದರ ಅಂಚು ಬಿಚ್ಚದಂತೆ ಸುತ್ತಲೂ ಒತ್ತಾಗಿ ದಾರ ಹಾಕುವ ಕೆಲಸವನ್ನು ಅವಳು ಇಪ್ಪತ್ತೆಂಟು ವರ್ಷದಿಂದ ಒಂದೇ ದರ್ಜಿ ಅಂಗಡಿಯಲ್ಲಿ ಮಾಡುತ್ತಿದ್ದಳು. ಎರಡು ವರ್ಷದ ಹಿಂದೆ ಬೆರಳ ಗೆಣ್ಣುಗಳು ಊದಿಕೊಂಡವು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬಾರದು. ಸಂಧಿವಾತ ಎಂದರು. ಮಾತ್ರೆ ನುಂಗಿದರೂ ಬಲಗೈಯ ಬೆರಳುಗಳು ಒಂದೇ ಕಡೆಗೆ ವಾಲತೊಡಗಿದವು.

"ಕೈಯ ಅಳತೆ ಮಾಡಿಸ್ಕೊಂಡು ಬನ್ನಿ," ಎಂದಿದ್ದರು ಡಾಕ್ಟರು. "ಕಷ್ಟದ ಅಂಕ ಐವತ್ತು ದಾಟಿದ್ರೆ ಹೊಸ ಇಂಜೆಕ್ಷನ್ ಶುರು ಮಾಡೋಣ. ಇಲ್ಲಾಂದ್ರೆ ಇದೇ ಮಾತ್ರೆ. ಬೆರಳು ಪೂರ್ತಿ ಸೊಟ್ಟಗಾದ್ಮೇಲೆ ಯಾವ ಮದ್ದೂ ನೆಟ್ಟಗೆ ಮಾಡಲ್ಲ."

ಅಂಗಡಿಯ ಮಾಸ್ಟರಿಗೆ ಇದಾವುದೂ ಗೊತ್ತಿರಲಿಲ್ಲ. ನೋವನ್ನು ಮುಚ್ಚಿಟ್ಟು ಮುಚ್ಚಿಟ್ಟು ಅವಳಿಗೆ ಅದೇ ಅಭ್ಯಾಸವಾಗಿತ್ತು. ಅಂದು ಕೂಡ ಆಸ್ಪತ್ರೆಗೆ ಹೊರಡುವ ಮುಂಚೆ ಅರ್ಧ ಗಂಟೆ ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು, ನೋವಿನ ಮಾತ್ರೆ ಎರಡು ನುಂಗಿದ್ದಳು. ನೆಂಟರು ಬರುತ್ತಾರೆಂದು ಮನೆ ಗುಡಿಸಿ ಸಾರಿಸಿದ ಹಾಗೆ.

ಒಳಗೆ ಕರೆದರು. ಅಳತೆ ತೆಗೆಯುವ ಹುಡುಗಿ ಒಂದೊಂದೇ ಪ್ರಶ್ನೆ ಕೇಳಿದಳು.

"ಬಿಗಿ ಮುಚ್ಚಳ ತೆಗೆಯೋಕೆ ಕಷ್ಟ ಆಗುತ್ತಾ ಅಮ್ಮ?"

"ಇಲ್ಲ." ಮುಚ್ಚಳ ತೆಗೆಯುತ್ತಿದ್ದುದು ಅವಳ ಗಂಡ.

"ತಲೆ ಬಾಚೋಕೆ?"

"ಇಲ್ಲಪ್ಪ."

"ಭಾರದ ಚೀಲ ಹಿಡಿಯೋಕೆ?"

"ಸ್ವಲ್ಪ." ಚೀಲವನ್ನು ಅವಳು ಮೊಣಕೈಗೆ ನೇತುಹಾಕಿಕೊಳ್ಳುತ್ತಿದ್ದಳು.

ಕೊನೆಗೆ ಐದು ಗುಂಡಿಗಳಿದ್ದ ಬಟ್ಟೆಯ ಹಲಗೆಯೊಂದನ್ನು ಮುಂದಿಟ್ಟಳು. ಗುಂಡಿಗಳನ್ನು ಹಾಕಿ ಬಿಚ್ಚಬೇಕು, ಎಷ್ಟು ಹೊತ್ತಾಯಿತೆಂದು ನೋಡುತ್ತಾರೆ. ಕಾಜಾ ಅಕ್ಕನಿಗೆ ನಗು ಬಂತು. ಮೀನಿಗೆ ಈಜು ಪರೀಕ್ಷೆಯೇ? ಹೆಬ್ಬೆರಳ ಒಂದೇ ಒತ್ತಿಗೆ ಒಂದೊಂದು ಗುಂಡಿ ಒಳಹೊಕ್ಕು ಹೊರಬಂತು.

"ಅಬ್ಬಾ! ನನಗೂ ಇಷ್ಟು ಬೇಗ ಆಗಲ್ಲಮ್ಮ," ಎಂದಳು ಹುಡುಗಿ.

ಅಂಕ ಇಪ್ಪತ್ತಾರು. ಕಾಜಾ ಅಕ್ಕ ಪರೀಕ್ಷೆಯಲ್ಲಿ ಗೆದ್ದವಳಂತೆ ಹೊರಗೆ ಬಂದಳು. ನಾದಿನಿ ಮೆಟ್ಟಿಲ ಮೇಲೆಯೇ ನಿಂತು, ಹುಡುಗಿ ಬರೆದುಕೊಟ್ಟ ಅಳತೆಯ ಕಾಗದವನ್ನು ಪೂರ್ತಿ ಓದಿದಳು.

"ತಲೆ ಬಾಚೋಕೆ ಕಷ್ಟ ಇಲ್ವಾ? ದಿನಾ ನಿಮ್ಮ ಜಡೆ ಹಾಕೋದು ಯಾರು, ದೆವ್ವಾನಾ?"

"ಅದು... ಕೆಲಸ ಆಗುತ್ತಲ್ಲ."

"ಆಗೋದು ನನ್ನ ಕೈಲಿ! ಅವರು ಅಳತೆ ತಗೊಂಡಿದ್ದು ನನ್ನ ಕೈದಾ? ಇಪ್ಪತ್ತಾರು ಅಂದ್ರೆ ಇಂಜೆಕ್ಷನ್ ಇಲ್ಲ ಅತ್ತಿಗೆ. ಇದೇ ಮಾತ್ರೆ ನುಂಗ್ಕೊಂಡು ಕೂತ್ಕೊಳ್ಳಿ."

ಕಾಜಾ ಅಕ್ಕ ಕಾಗದ ಕಿತ್ತುಕೊಂಡು ಅಂಕವನ್ನು ಮತ್ತೊಮ್ಮೆ ನೋಡಿದಳು. ಎರಡು ಮೆಟ್ಟಿಲು ಇಳಿದಳು, ಮೂರು ಹತ್ತಿದಳು. ಸುಳ್ಳು ಹೇಳಿದೆ ಎಂದು ಒಪ್ಪಿಕೊಳ್ಳಲು ನಾಚಿಕೆ, ಸುಮ್ಮನೆ ಮನೆಗೆ ಹೋಗಲು ಭಯ. ಕಡೆಗೆ ಸರಸರನೆ ಹತ್ತಿ ಹೋಗಿ ಬಾಗಿಲು ತಟ್ಟಿದಳು. ಗೆಣ್ಣಿನಿಂದ ತಟ್ಟಿದರೆ ನೋಯುತ್ತದೆಂದು ಅಂಗೈಯಿಂದ ತಟ್ಟಿದಳು.

ಬಿಸಿನೀರು, ಮಾತ್ರೆ, ಜಡೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಹುಡುಗಿ ಬೈಯಲಿಲ್ಲ.

"ಬೇರೆಯವರು ಮಾಡಿಕೊಟ್ರೆ ಅದು ನಿಮ್ಮಿಂದ ಆದ ಹಾಗಲ್ಲಮ್ಮ. ತಪ್ಪು ನಂದೂ ಇದೆ, ನೀವು ಏನು ಕೆಲಸ ಮಾಡ್ತೀರಿ ಅಂತ ಮೊದಲೇ ಕೇಳ್ಬೇಕಿತ್ತು. ನಾಳೆ ಎಂಟಕ್ಕೆ ಬನ್ನಿ. ಬಿಸಿನೀರು ಬೇಡ, ನೋವಿನ ಮಾತ್ರೆ ಬೇಡ."

ಮರುದಿನ ಬೆಳಿಗ್ಗೆ ಬಸ್ಸಿನ ಕಂಬಿ ಹಿಡಿಯಲಾಗದೆ ಮೊಣಕೈಯಿಂದ ತಬ್ಬಿಕೊಂಡು ಹೋದಳು. ಈ ಸಲ ನಾದಿನಿಯೂ ಒಳಗೆ ಬಂದಳು. ಒಂದೊಂದು ಪ್ರಶ್ನೆಗೂ ಕಾಜಾ ಅಕ್ಕ ತಡವರಿಸಿದಾಗ ನಾದಿನಿಯ ಹುಬ್ಬು ಮೇಲೇರುತ್ತಿತ್ತು. ತಲೆ ಬಾಚೋಕೆ? "ಆಗೋದೇ ಇಲ್ಲ." ಬೀಗದ ಕೈ ತಿರುಗಿಸೋಕೆ? "ತುಂಬಾ ಕಷ್ಟ."

ಮತ್ತೆ ಅದೇ ಹಲಗೆ. ಹೆಬ್ಬೆರಳು ಮೊದಲ ಗುಂಡಿಯ ಮೇಲೆ ಕೂತಿತು, ಒತ್ತಲು ಬಲವಿರಲಿಲ್ಲ. ಎರಡನೆಯ ಗುಂಡಿ ಬೆರಳಿನಿಂದ ಜಾರಿತು. ಮೂರನೆಯದು ಕಂಡಿಯ ಅರ್ಧಕ್ಕೆ ಸಿಕ್ಕಿಕೊಂಡಿತು. ಹುಡುಗಿ ಕಾಯುತ್ತಿದ್ದಳು. ಮುಗಿಸದೆ ಕೆಳಗಿಟ್ಟ ಬಟ್ಟೆಯೇ ಇಲ್ಲ ಎಂಬ ಹೆಮ್ಮೆ ಕಾಜಾ ಅಕ್ಕನದು.

"ಆಗ್ತಿಲ್ಲ," ಎಂದಳು. ಮಾತು ತಾನೇ ಹೊರಬಿದ್ದಿತ್ತು.

ಅಂಕ ಅರವತ್ತಮೂರು. ಡಾಕ್ಟರು ಕಾಗದ ನೋಡಿ ಹೊಸ ಮದ್ದು ಬರೆದರು. ಅದಕ್ಕೆ ಮುಂಚೆ ರಕ್ತಪರೀಕ್ಷೆ ಆಗಬೇಕೆಂದು ಪಕ್ಕದ ಕೋಣೆಗೆ ಕಳಿಸಿದರು.

ನರ್ಸು ಸೂಜಿ ತೆಗೆದಾಗ ನಾದಿನಿ ಗೋಡೆಯ ಕಡೆ ತಿರುಗಿದಳು. ಕಾಜಾ ಅಕ್ಕ ಕಣ್ಣು ಮಿಟುಕಿಸದೆ ನೋಡಿದಳು. ಸೂಜಿ ಒಳಹೊಕ್ಕಿತು.

"ಕೈ ಚೆನ್ನಾಗಿದೆ ನಿಂದು," ಎಂದಳು ನರ್ಸಿಗೆ. ಆಮೇಲೆ ಹತ್ತಿ ಒತ್ತಿಕೊಂಡು ಮೇಲೆದ್ದು, "ರಿಪೋರ್ಟು ಯಾವಾಗ ಬರುತ್ತೆ? ಇವತ್ತೇ ಬರಲ್ವಾ?" ಎಂದು ಕೇಳಿದಳು.