ಅಕ್ಕನ ಜೊತೆ ಸೂರ್‌ಗೆ

ಜುಲೈ ತಿಂಗಳಲ್ಲಿ ತಲೆ ನೆಟ್ಟಗಿರುವವರು ಯಾರೂ ಸೂರ್‌ಗೆ ಹೋಗುವುದಿಲ್ಲ. ಮಸ್ಕತ್‌ನ ಜನ ಮಳೆ ನೋಡಲು ಸಲಾಲಾಕ್ಕೆ ಹೋಗುತ್ತಾರೆ, ಇಲ್ಲವೇ ಊರಿಗೆ ವಿಮಾನ ಹತ್ತುತ್ತಾರೆ. ನಾವು ಮಾತ್ರ ಸೆಕೆಯಲ್ಲಿ ಬೇಯಲೆಂದೇ, ಮರದ ಹಡಗು ಕಟ್ಟುವ ಆ ಹಳೆಯ ಕಡಲೂರಿಗೆ ಹೊರಟೆವು. ಅಕ್ಕ ಕೇಳಿದ್ದರು, ಅಷ್ಟೇ ಕಾರಣ.

ಅಕ್ಕ ಅಂದರೆ ಒಡಹುಟ್ಟಿದವರಲ್ಲ. ಮಸ್ಕತ್‌ನ ಹಮ್ರಿಯಾದಲ್ಲಿ ನಮ್ಮ ಎದುರಿನ ಫ್ಲ್ಯಾಟಿನವರು, ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ನಾನು ಮೈಸೂರಿನವಳು. ನಾನು ಆಫೀಸಿಗೆ ಹೋದಾಗ ನನ್ನ ಮಗಳು ಬೆಳೆದದ್ದು ಅವರ ಮನೆಯಲ್ಲಿ. ಅವಳು ಕನ್ನಡಕ್ಕಿಂತ ಮೊದಲು ಕೊಂಕಣಿಯಲ್ಲಿ ಬೈಯುವುದನ್ನು ಕಲಿತಳು. ಅವರನ್ನು ಅಕ್ಕ ಎಂದ ಮೇಲೆ ಅವರ ಗಂಡ ತಾನಾಗಿ ಭಾವ ಆದರು. ಈಗ ಭಾವನ ಕೆಲಸದ ಅವಧಿ ಮುಗಿದು, ಇಬ್ಬರೂ 'ಕ್ಯಾನ್ಸಲ್ ಮಾಡಿ' ಹೋಗುವವರಿದ್ದರು. ವೀಸಾ ರದ್ದು ಮಾಡಿಸಿ ಕಾಯಂ ಆಗಿ ಊರಿಗೆ ಹೊರಡುವುದಕ್ಕೆ ಇಲ್ಲಿ ನಾವೆಲ್ಲ ಹೇಳುವುದು ಹಾಗೆಯೇ.

ನನಗೆ ಸಿಟ್ಟು ಬಂದದ್ದು ಅಕ್ಕನ ಉತ್ಸಾಹ ನೋಡಿ. ರಜೆಗೆ ಹೋಗುವವರ ಹಾಗೆ ಹಾಡು ಗುನುಗುತ್ತಾ ರಟ್ಟಿನ ಡಬ್ಬಗಳಿಗೆ ಟೇಪ್ ಸುತ್ತುತ್ತಿದ್ದರು. ಇಡ್ಲಿಯಂಥ ಸನ್ನಾಸ್ ಬೇಯಿಸುವ ಪಾತ್ರೆ ತಂದು, "ಇಟ್ಕೋ, ಅಲ್ಲಿ ನಂಗೆ ಎಂತಕ್ಕೆ ಇದು?" ಎಂದು ನನ್ನ ಕೈಗೆ ಕೊಟ್ಟು ಹೋದರು. ನಾನಾದರೋ ಆಫೀಸಿನ ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿ ಅಳುತ್ತಿದ್ದೆ. ಅವರ ಬಾಳಿನಲ್ಲಿ ನಾನು ಬರೀ ಎದುರುಮನೆಯವಳೇ ಆಗಿದ್ದೆನೇ? ಅವರು ವಿಮಾನ ಹತ್ತುವ ಮೊದಲು ನನಗೆ ಇದೊಂದು ಗೊತ್ತಾಗಬೇಕಿತ್ತು.

ಕಾರಿನಲ್ಲಿ ನನ್ನ ಪುಳಿಯೋಗರೆ, ಮೊಸರನ್ನದ ಡಬ್ಬಗಳನ್ನು ನೋಡಿ ಭಾವ ಎಂದಿನಂತೆ ಶುರು ಮಾಡಿದರು. "ಸೂರ್‌ಗೆ ಹೋಗಿ ಮೀನು ಬಿಟ್ಟು ಮೊಸರನ್ನ ತಿನ್ನುವವರು ನೀವೇ ಇರ್ಬೇಕು ಮಾರಾಯ್ತಿ."

"ಮೀನಿನಂಗಡಿ ಮುಂದೆ ನಿಮ್ಮನ್ನ ಇಳಿಸಿ ನಾವು ವಾಪಸ್ ಹೋಗ್ತೀವಿ ಬಿಡಿ ಭಾವ," ಎಂದು ನನ್ನ ಗಂಡ ಅಂದರು. ಅಕ್ಕ ನಕ್ಕರು. ಹಿಂದಿನ ಸೀಟಿನಲ್ಲಿ ನನ್ನ ಮಗಳು ಅವರ ಹೆಗಲಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಕಾಲೇಜಿಗೆ ಸೇರುವ ಹುಡುಗಿ, ನನ್ನ ಹೆಗಲಿಗೆ ಒರಗಿ ಯಾವ ಕಾಲವಾಯಿತೋ.

ಹಡಗು ಕಟ್ಟುವ ಅಂಗಳದಲ್ಲಿ ಒಂದು ಹಡಗು ಅರ್ಧಕ್ಕೆ ನಿಂತಿತ್ತು. ಅಕ್ಕ ಅದರ ಹಲಗೆ ಸವರಿ, "ನಮ್ಮ ಊರಿನ ಮಂಜಿ ಹಡಗಿನ ಹಾಗೆಯೇ ಉಂಟಲ್ಲ," ಎಂದರು. ಬೇರೆ ಯಾರೂ ಹತ್ತಿರವಿರಲಿಲ್ಲ. ನಾನು ಕೇಳಿಯೇಬಿಟ್ಟೆ.

"ಅಕ್ಕ, ಬಿಟ್ಟು ಹೋಗೋಕೆ ನಿಮಗೆ ಬೇಜಾರಾಗಲ್ವಾ?"

"ಬೇಜಾರು ಮಾಡಿ ಎಂತ ಮಾಡುದು? ಕೆಲಸ ಮುಗಿದ ಮೇಲೆ ಹೋಗ್ಲೇಬೇಕಲ್ಲ. ನಿಂಗೆ ಎಲ್ಲದಕ್ಕೂ ತಲೆಬಿಸಿ."

ನನ್ನ ಮುಖ ಗಂಟಾಯಿತು. ಹೋಗಿ ಕಾರಿನಲ್ಲಿ ಕೂತೆ.

ಸಂಜೆ ಸೇತುವೆ ದಾಟಿ, ದೀಪಸ್ತಂಭವಿರುವ ಹಳೇ ಕೇರಿಯಲ್ಲಿ ನಡೆಯುತ್ತಿದ್ದೆವು. ಬಿಳಿ ಗೋಡೆಯ ಮನೆಯೊಂದರ ಬಾಗಿಲಲ್ಲಿ ನಿಂತಿದ್ದ ಒಮಾನಿ ಅಜ್ಜಿ ನಮ್ಮ ಬೆವರಿದ ಮುಖಗಳನ್ನು ನೋಡಿ ಒಳಗೆ ಕರೆದರು. ಚಾಪೆ ಹಾಸಿ ಖರ್ಜೂರ ಇಟ್ಟು, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಏಲಕ್ಕಿ ಹಾಕಿದ ಕಾಫಿ ಬಗ್ಗಿಸಿದರು. ಇಲ್ಲಿನ ರೂಢಿಯಲ್ಲಿ, ಸಾಕು ಎನಿಸಿದಾಗ ಬಟ್ಟಲನ್ನು ಮೆಲ್ಲಗೆ ಅತ್ತಿತ್ತ ಅಲ್ಲಾಡಿಸಿ ಕೊಡಬೇಕು. ಅಲ್ಲಿಯವರೆಗೂ ಮನೆಯವರು ಬಗ್ಗಿಸುತ್ತಲೇ ಇರುತ್ತಾರೆ. ಭಾವ ಅಲ್ಲಾಡಿಸಿದರು, ನನ್ನ ಗಂಡ ಅಲ್ಲಾಡಿಸಿದರು, ಮಗಳೂ ನಾನೂ ಅಲ್ಲಾಡಿಸಿ ಕೆಳಗಿಟ್ಟೆವು. ಅಕ್ಕ ಮಾತ್ರ ಕುಡಿದು ಬಟ್ಟಲು ಚಾಚಿದರು. ಅಜ್ಜಿ ಬಗ್ಗಿಸಿದರು. ಮತ್ತೆ ಚಾಚಿದರು.

"ಅಲ್ಲಾಡಿಸು ಮಾರಾಯ್ತಿ, ಮರೆತು ಹೋಯ್ತಾ?" ಭಾವ ಮೆಲ್ಲಗೆ ಹೇಳಿದರು. "ಯಲ್ಲಾ, ಹೊರಡುವ, ದೂರ ಹೋಗ್ಲಿಕ್ಕುಂಟು."

"ಆಂಟಿ, ಜಸ್ಟ್ ಶೇಕ್ ಇಟ್," ಎಂದಳು ಮಗಳು.

ಅಕ್ಕ ಮರೆಯುವವರಲ್ಲ. ನಾನು ಮಸ್ಕತ್‌ಗೆ ಹೊಸದಾಗಿ ಬಂದಾಗ, ಮನೆ ಮಾಲೀಕರ ಮನೆಯಲ್ಲಿ ಸಂಕೋಚಕ್ಕೆ ಬಟ್ಟಲ ಮೇಲೆ ಬಟ್ಟಲು ಕುಡಿಯುತ್ತಲೇ ಇದ್ದಾಗ, ನನ್ನ ಮಣಿಕಟ್ಟು ಹಿಡಿದು ಅಲ್ಲಾಡಿಸಿ ಕಲಿಸಿದವರೇ ಅವರು.

"ಅಲ್ಲಾಡಿಸಿದ್ರೆ ಏಳ್ಬೇಕಲ್ಲ," ಎಂದರು ಅಕ್ಕ, ಬಟ್ಟಲಿನಿಂದ ಕಣ್ಣು ತೆಗೆಯದೆ. "ಎದ್ರೆ ಹೋಗ್ಬೇಕಲ್ಲ." ಕಣ್ಣೊರೆಸಿಕೊಂಡು ನನ್ನತ್ತ ಕೈ ತೋರಿಸಿದರು. "ನಂಗೆ ಹೋಗ್ಲಿಕ್ಕೆ ಮನಸ್ಸಿಲ್ಲ. ಇವಳ ಎದುರು ಅತ್ರೆ ಮತ್ತೆ ನಿಲ್ಲಿಸ್ಲಿಕ್ಕೆ ಆಗುದಿಲ್ಲ ಅಂತ ಇಷ್ಟು ದಿನ ಸುಮ್ಮನಿದ್ದೆ."

ಭಾವ ತಲೆ ತಗ್ಗಿಸಿದರು. ಅಷ್ಟು ದಿನ ಅಕ್ಕನ ಮೇಲೆ ಮುನಿಸಿಕೊಂಡಿದ್ದಕ್ಕೆ ನನಗೇ ನಾಚಿಕೆಯಾಯಿತು. ಅಜ್ಜಿಗೆ ಕನ್ನಡ ತಿಳಿಯದು. ಅಳುವ ಅಕ್ಕನ ಮುಖ ನೋಡಿ ಮತ್ತಷ್ಟು ಬಗ್ಗಿಸಿದರು.

ನಾನು ಚಾಪೆಯ ಮೇಲೆಯೇ ಸರಿದು ಅಕ್ಕನಿಗೆ ಅಂಟಿಕೊಂಡು ಕೂತೆ. ಅಲ್ಲಾಡಿಸಿ ಇಟ್ಟ ಬಟ್ಟಲನ್ನು ಮತ್ತೆ ಎತ್ತುವ ಪದ್ಧತಿ ಇಲ್ಲ. ನಾನು ಎತ್ತಿಕೊಂಡು ಅವರ ಬಟ್ಟಲಿನ ಪಕ್ಕದಲ್ಲಿ ಹಿಡಿದೆ. ಅಜ್ಜಿ ಒಂದು ಗಳಿಗೆ ನನ್ನನ್ನು ನೋಡಿ, ನನಗೂ ಬಗ್ಗಿಸಿದರು. ಭಾವ ಕಾರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಗೋಡೆಗೆ ಒರಗಿದರು.