ನಮ್ಮ ಓಣಿಯಲ್ಲಿ ನಿಂತಿದ್ದ ದೋಣಿ

ಹೋದ ತಿಂಗಳು ನಮ್ಮ ಫ್ರಿಜ್ಜಿನ ಬಾಗಿಲ ರಬ್ಬರು ಹರಿದು, ರಿಪೇರಿಯವನನ್ನು ಕರೆಸಿದ್ದೆ. ಅವನು ತಂದ ಹೊಸ ರಬ್ಬರು ಅಂಗಡಿಯಲ್ಲಿ ಮಡಿಚಿಟ್ಟು ಸೊಟ್ಟಗಾಗಿತ್ತು. "ಒಂದ್ ಪಾತ್ರೆ ಬಿಸಿನೀರ್ ಕೊಡ್ರಿ ಅಮ್ಮಾರೆ, ನೆಟ್ಟಗ್ ಮಾಡ್ತೀನಿ" ಎಂದ. ಕುದಿಯುವ ನೀರು ಬಿದ್ದ ಕೂಡಲೇ ಅಡುಗೆಮನೆಯ ತುಂಬ ವಾಸನೆ ಎದ್ದಿತು. ಮೊಮ್ಮಗಳು ಮೂಗು ಮುಚ್ಚಿಕೊಂಡು ಓಡಿದಳು. ನಾನು ಒಲೆಯ ಹತ್ತಿರ ಹಾಗೇ ನಿಂತುಬಿಟ್ಟೆ... ಎಂಬತ್ತರ ದಶಕದ ಮೊದಲಲ್ಲಿ, ನಿಟ್ಟುವಳ್ಳಿಯ ನಮ್ಮ ಬಾಡಿಗೆ ಮನೆಗೆ ಪಕ್ಕದ ಅಂಗಳದಿಂದ ಇದೇ ವಾಸನೆ ಗೋಡೆ ಹಾರಿ ಬರುತ್ತಿತ್ತು.

ಆ ಮನೆಯವರನ್ನು ಓಣಿಗೆ ಓಣಿಯೇ ಚಾಚಾ ಎನ್ನುತ್ತಿತ್ತು. ದಾವಣಗೆರೆಯಲ್ಲಿ ಬಸ್ಸಿನ ಬಾಡಿ ಕಟ್ಟುವ ಶೆಡ್ಡೊಂದರಲ್ಲಿ ಅವರು ಮೇಸ್ತ್ರಿ. ತಗಡಿನವರು, ಸೀಟು ಹೊಲಿಯುವವರು, ಬಣ್ಣದವರು ಎಲ್ಲರೂ ಮುಗಿಸಿದ ಮೇಲೆ ಕಿಟಕಿ ಗಾಜುಗಳ ಸುತ್ತ ರಬ್ಬರಿನ ಬೀಡಿಂಗ್ ಕೂರಿಸುವುದು ಅವರ ಕೆಲಸ. ಆಮೇಲೆ ಬಕೆಟ್ಟಿನಿಂದ ಗಾಜಿಗೆ ನೀರು ಎರಚಿಸಿ, ತಾವು ಬಸ್ಸಿನ ಒಳಗೆ ಕೂತು ಮೂಲೆ ಮೂಲೆಗೂ ಬೆರಳು ಇಟ್ಟು ನೋಡುತ್ತಿದ್ದರು. ಅವರು ಹೂಂ ಅಂದ ಮೇಲೆಯೇ ಚಕ್ರದ ಕೆಳಗೆ ನಿಂಬೆಹಣ್ಣು. ಮಾಲೀಕ ಎಷ್ಟೇ ಕುಣಿದಾಡಲಿ, ಬೀಡಿಂಗ್ ಆಗದ ಬಸ್ಸು ಆ ಶೆಡ್ಡು ಬಿಡುತ್ತಿರಲಿಲ್ಲ. ಇದನ್ನು ಚಾಚಾ ನಮಗೆಲ್ಲ ಬಹಳ ಹೆಮ್ಮೆಯಿಂದ ಹೇಳುತ್ತಿದ್ದರು.

ನಾನು ಆಗಷ್ಟೇ ಮದುವೆಯಾಗಿ ಬಂದವಳು, ಹತ್ತಿರದ ಪ್ರೈಮರಿ ಶಾಲೆಯಲ್ಲಿ ಟೀಚರು. ಸಂಜೆ ಶಾಲೆ ಬಿಟ್ಟ ಮೇಲೆ ಚಾಚಾನ ಹೆಂಡತಿಯ ಹತ್ತಿರ ಹೋಗಿ ಕೂರುತ್ತಿದ್ದೆ. ನಾವು ಚಾಚಿ ಎನ್ನುತ್ತಿದ್ದೆವು. ಅವರು ಪಿಂಜಾರರ ಮನೆಯ ಮಗಳು, ಮನೆಮಾತು ಕನ್ನಡವೇ. ಬಾಯಿ ಬಹಳ ಜೋರು. ನನ್ನ ಸಾರಿನ ವಾಸನೆಯಿಂದಲೇ ಉಪ್ಪು ಕಡಿಮೆ ಎಂದು ಗೋಡೆಯಾಚೆಯಿಂದ ಕೂಗಿ ಹೇಳುತ್ತಿದ್ದ ಹೆಂಗಸು. ಅಂಥವರು ಬೆನ್ನುಮೂಳೆಯ ಕಾಯಿಲೆ ಬಂದು ಹಾಸಿಗೆ ಹಿಡಿದಿದ್ದರು. ಕೂರುವಂತಿಲ್ಲ, ಮೈ ಕುಲುಕುವಂತಿಲ್ಲ. ಬೇಸಿಗೆ ದಾಟುವುದು ಕಷ್ಟ ಎಂದು ಡಾಕ್ಟರು ಚಾಚಾನನ್ನು ಪಡಸಾಲೆಗೆ ಕರೆದು ಪಿಸುಗುಟ್ಟಿದ್ದರು. ಚಾಚಿಯ ಕಿವಿಯೂ ಬಾಯಿಯಷ್ಟೇ ಚುರುಕು, ಅವರಿಗೆ ಅದು ಕೇಳಿಸಿತ್ತು.

ಅಂದಿನಿಂದ ಅವರದು ಒಂದೇ ಮಾತು. ತವರಿಗೆ ಹೋಗಬೇಕು, ತಾಯಿಯನ್ನು ಒಂದು ಸಲ ನೋಡಬೇಕು. ತಾಯಿಗೆ ಲಕ್ವ ಹೊಡೆದಿತ್ತು, ಅವರು ಬರುವ ಹಾಗಿರಲಿಲ್ಲ. ತವರು ಇದ್ದದ್ದು ಹರಿಹರದ ಕೆಳಗೆ, ಹೊಳೆಯ ಆಚೆ ದಂಡೆಯ ಹಳ್ಳಿಯಲ್ಲಿ. ಸೇತುವೆ ದಾಟಿ ರಸ್ತೆಯಲ್ಲಿ ಹೋದರೆ ಕೊನೆಯ ದಾರಿಯೆಲ್ಲ ಗಾಡಿ ಜಾಡು, ಬರೀ ತಗ್ಗುದಿಣ್ಣೆ. ಹೊಳೆಯಲ್ಲಿ ಹೋಗೋಣವೆಂದರೆ ಹರಿಗೋಲಿನಲ್ಲಿ ಮುದುರಿ ಕೂರಬೇಕು, ಮಲಗಲು ಆಗುವುದಿಲ್ಲ.

ಚಾಚಾ ಎಲ್ಲೆಲ್ಲೋ ಓಡಾಡಿ, ಒಂದು ದಿನ ಲಾರಿಯಲ್ಲಿ ದೋಣಿಯನ್ನೇ ಹೇರಿಸಿಕೊಂಡು ಬಂದರು! ಫೈಬರಿನ ಸಣ್ಣ ದೋಣಿ. ಹೊಳೆಯಲ್ಲಿ ಏನೋ ಕಂಬ ಎಬ್ಬಿಸುವ ಕೆಲಸಕ್ಕೆ ತಂದಿದ್ದ ಕಂಟ್ರಾಕ್ಟರು ಕೆಲಸ ಮುಗಿದ ಮೇಲೆ ಮೂಲೆಗೆ ಹಾಕಿದ್ದನಂತೆ. ಒಂದು ಹಾಸಿಗೆ ಉದ್ದಕ್ಕೆ ಸರಿಯಾಗಿ ಹಿಡಿಸುತ್ತಿತ್ತು. ಹೊಳೆ ಕಾಣದ ನಮ್ಮ ಓಣಿಯಲ್ಲಿ, ಬೇವಿನ ಮರದ ಕೆಳಗೆ, ಹಳೆಯ ಟೈರುಗಳ ಮೇಲೆ ದೋಣಿ ಕೂತಿತು. "ಸಾಬ್ರೆ, ನಮ್ಮ ಓಣಿಗೆ ಹೊಳಿ ಯಾವಾಗ ಬರ್ತೈತೆ?" ಎಂದು ಹೋಗಿಬರುವವರೆಲ್ಲ ಕಾಲೆಳೆದರು. ಚಾಚಾ ನಕ್ಕು ಕೆಲಸ ಮುಂದುವರಿಸುತ್ತಿದ್ದರು. ಚಾಚಿಯ ಮಂಚವನ್ನು ಕಿಟಕಿಯ ಹತ್ತಿರ ಸರಿಸಿಕೊಟ್ಟೆವು, ಮಲಗಿದಲ್ಲಿಂದಲೇ ದೋಣಿ ಕಾಣಲೆಂದು.

ಅಡಿಯಲ್ಲಿದ್ದ ಸಣ್ಣ ಬಿರುಕನ್ನು ಚಾಚಾ ಮೆತ್ತಿ ಒಣಗಿಸಿದರು. ಆಮೇಲೆ ದೋಣಿಯ ತುಂಬ ನೀರು ತುಂಬಿಸಿ ರಾತ್ರಿಯೆಲ್ಲ ಬಿಟ್ಟರು. ಬೆಳಿಗ್ಗೆ ಕೆಳಗಿನ ನೆಲ ಒಣಗಿಯೇ ಇತ್ತು. "ನಾಳೆ ಹೊಂಡೋದಾ?" ಎಂದರು ಚಾಚಿ ಕಿಟಕಿಯಿಂದ. ಚಾಚಾ ತಲೆ ಅಲ್ಲಾಡಿಸಿದರು. ಅಂಚಿನ ರಬ್ಬರು ಇನ್ನೂ ಬಾಕಿ ಇತ್ತು.

ದೋಣಿಯ ಅಂಚಿನ ಸುತ್ತ ಹೊರಗಡೆ ಒಂದು ದಪ್ಪ ರಬ್ಬರು ಪಟ್ಟಿ ಇರುತ್ತದೆ. ಹಳೆಯದು ಬಿಸಿಲಿಗೆ ಒಣಗಿ ಹಪ್ಪಳದ ಹಾಗೆ ಮುರಿಯುತ್ತಿತ್ತು. ದಂಡೆಯ ಕಲ್ಲಿಗೆ ದೋಣಿ ತಾಗಿದಾಗ ಪೆಟ್ಟು ತಡೆಯುವುದಕ್ಕಷ್ಟೇ ಅದು, ಇಲ್ಲದಿದ್ದರೂ ನಡೆಯುತ್ತದೆ ಎಂದು ಕಂಟ್ರಾಕ್ಟರನ ಕಡೆಯವನು ಹೇಳಿಯೇ ಹೋಗಿದ್ದ. ಆದರೆ ಚಾಚಾನ ಕೈ ಬಸ್ಸಿನ ಕೈ. ಅವರ ಲೆಕ್ಕದಲ್ಲಿ ರಬ್ಬರು ಇರುವುದೇ ನೀರು ತಡೆಯಲು. ಹಳೆಯ ರಿವೀಟುಗಳನ್ನು ಒಂದೊಂದಾಗಿ ಕೊರೆದು ತೆಗೆದರು, ಅಂಚನ್ನು ಮರಳು ಕಾಗದದಿಂದ ಕೆನ್ನೆಯಂತೆ ನುಣುಪು ಮಾಡಿದರು. ಲಾರಿಯ ಟೈರು ಸೀಳಿ ನೋಡಿದರು, ಬಾಗಲಿಲ್ಲ. ಕೊನೆಗೆ ಬಸ್ಸಿನ ಬಂಪರಿಗೆ ಹಾಕುವ ದಪ್ಪ ರಬ್ಬರು ಸಿಕ್ಕಿತು. ಹಂಡೆಯ ಕುದಿಯುವ ನೀರಿನಲ್ಲಿ ಅದನ್ನು ಮುಳುಗಿಸಿ, ಮೆತ್ತಗಾದೊಡನೆ ಎತ್ತಿ, ಅಂಗೈ ಸುಡುತ್ತಿದ್ದರೂ ಬಿಡದೆ ಅಂಚಿಗೆ ಒತ್ತಿ ಹಿಡಿದು ರಿವೀಟು ಹೊಡೆಯುತ್ತಿದ್ದರು. ಶೆಡ್ಡಿನಿಂದ ಬಂದು ಸಂಜೆಯೆಲ್ಲ ಅದೇ ಕೆಲಸ.

ದೋಣಿಯ ಸುತ್ತ ಬಂದ ರಬ್ಬರು ಮೂತಿಯ ಹತ್ತಿರ ಒಂದು ಗೇಣು ಸಾಲದೆ ಹೋಯಿತು. ಬೇರೆ ಯಾರಾದರೂ ಒಂದು ತುಂಡು ಸೇರಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಚಾಚಾ ಒಂದು ದಿನವಿಡೀ ಅದನ್ನೇ ನೋಡುತ್ತ ಕೂತರು, ಮರುದಿನ ಹೊಡೆದ ರಿವೀಟುಗಳನ್ನೆಲ್ಲ ಕಿತ್ತರು. ಒಂದೇ ಉದ್ದದ ರಬ್ಬರು ಬೇಕೆಂದು ಬೆಂಗಳೂರಿಗೆ ಹೋಗುವ ಪರಿಚಯದ ಬಸ್ ಡ್ರೈವರನಿಗೆ ಹೇಳಿ ಕಳಿಸಿದರು.

ನನಗೆ ಸಿಟ್ಟು ನೆತ್ತಿಗೇರಿತು. ಹಿರಿಯರು ಎನ್ನುವುದನ್ನೂ ಮರೆತು ಅಂಗಳಕ್ಕೆ ಹೋಗಿ ಜಗಳ ತೆಗೆದೆ. "ಒಂದು ಗೇಣಿನ ತುಂಡು ಹಾಕಿದರೆ ಏನಾಗುತ್ತೆ ಚಾಚಾ? ದಿನ ಹೋಗ್ತಾ ಇದೆ."

"ಜಾಯಿಂಟ್ ಐತೆ ಅಂದ್ರೆ ಅಲ್ಲಿ ನೀರು ಬಂತು ಅಂತಾನೆ ಲೆಕ್ಕ, ಟೀಚರಮ್ಮ" ಎಂದರು. ಅವರ ದನಿ ಮೆತ್ತಗಿತ್ತು. "ಹೊಳಿ ನಡುವೆ ಅವಳ ಹಾಸಿಗೆ ತೋಯ್ದ್ರೆ ನಾನೇನ್ ಮಾಡ್ಲಿ? ಎತ್ತಿ ಕೂರ್ಸಾಕೂ ಬರಲ್ಲ."

ಒಳಗೆ ಬಂದರೆ ಚಾಚಿ ನಗುತ್ತಿದ್ದರು. "ಬಿಡವ್ವ, ಅವರಿಗೆ ಹೇಳಿ ನಿನ್ನ ಬಾಯಿ ಯಾಕ ನೋಯಿಸ್ಕೊಂತಿ? ನನ್ನ ಮದುವೆ ದಿನಾನೂ ಯಾವ್ದೋ ಬಸ್ಸಿನ ಗಾಜು ಕೂರ್ಸಿ ತಡ ಮಾಡಿ ಬಂದಿದ್ರು" ಎಂದರು. ಆಮೇಲೆ ಕಿಟಕಿಯ ಕಡೆ ನೋಡುತ್ತ, "ಹೊಳ್ಯಾಗ ನೀರು ಇಳಿಯೋದ್ರಾಗ ಆದ್ರೆ ಸಾಕು" ಎಂದರು... ಅವತ್ತಿನಿಂದ ಅವರು ಹೊರಡುವ ಮಾತನ್ನು ಬಾಯಿಬಿಟ್ಟು ಆಡಿದ್ದು ನನಗೆ ನೆನಪಿಲ್ಲ.

ರಬ್ಬರು ಬರಲು ತಡವಾಯಿತು. ಡ್ರೈವರು ಒಮ್ಮೆ ಮರೆತು ಬಂದ, ಇನ್ನೊಮ್ಮೆ ತಂದದ್ದು ತೆಳುವಾಗಿತ್ತು. ಅಷ್ಟರಲ್ಲಿ ಚಾಚಿಗೆ ಜ್ವರ ಏರಿತು. ತವರಿನ ಬಾವಿಯ ನೀರು ಕೊಡು ಎಂದು ನನ್ನ ಕೈ ಹಿಡಿದು ಕೇಳುತ್ತಿದ್ದರು. ನಲ್ಲಿಯ ನೀರನ್ನೇ ಚಮಚದಲ್ಲಿ ಕೊಟ್ಟೆ, ಕುಡಿದರು. ಒಂದು ಮಧ್ಯಾಹ್ನ, ನಾನು ಶಾಲೆಯಲ್ಲಿದ್ದಾಗ, ಹೋಗಿಬಿಟ್ಟರು. ಕಿಟಕಿಯ ಹೊರಗೆ ದೋಣಿ ಅಂಚಿಲ್ಲದೆ ಬೋಳಾಗಿ ನಿಂತಿತ್ತು.

ಸರಿಯಾದ ರಬ್ಬರು ಬಂದದ್ದು ಮಣ್ಣು ಮಾಡಿದ ಮೇಲೆ. ಇನ್ನು ಅದನ್ನು ಮುಟ್ಟುವುದಿಲ್ಲ ಎಂದುಕೊಂಡಿದ್ದೆವು. ಚಾಚಾ ಮುಟ್ಟಿದರು. ಹಂಡೆಗೆ ಬೆಂಕಿ ಹಾಕಿದರು, ಅದೇ ವಾಸನೆ ಮತ್ತೆ ನಮ್ಮ ಮನೆಗೆ ಬಂತು. ಸುತ್ತಲೂ ಒಂದೇ ಉದ್ದದ ರಬ್ಬರು ಕೂರಿಸಿ, ಕೊನೆಯ ರಿವೀಟು ಹೊಡೆದು, ಬಕೆಟ್ಟಿನಿಂದ ನೀರು ಎರಚಿ, ಬೆರಳು ಇಟ್ಟು ನೋಡಿದರು. ನಾನು ಕದ ಹಾಕಿಕೊಂಡು ಅತ್ತೆ.

ಚಾಚಿಯ ನಲವತ್ತನೆಯ ದಿನದ ಊಟವನ್ನು ಅವರ ತವರಿಗೆ ಒಯ್ಯಬೇಕಿತ್ತು. ಚಾಚಾ ನಮ್ಮ ಬಾಗಿಲಿಗೆ ಬಂದು, "ಟೀಚರಮ್ಮ, ನೀವೂ ನಿಮ್ಮೆಜಮಾನ್ರೂ ಬರ್ರಿ. ಕೊನಿಗೆ ಅವಳ ಹತ್ರ ಇದ್ದೋರು ನೀವು. ಅವಳ ಅಮ್ಮ ಏನಾರ ಕೇಳಿದ್ರೆ ನಂಗೆ ಹೇಳಾಕ ಬಾಯಿ ಬರಲ್ಲ" ಎಂದರು. ಲಾರಿಯಲ್ಲಿ ಒಯ್ದ ದೋಣಿ ಹರಿಹರದ ದಂಡೆಯಲ್ಲಿ ನೀರಿಗೆ ಇಳಿಯಿತು. ಒಬ್ಬ ಅಂಬಿಗ ಹುಟ್ಟು ಹಾಕಿದ. ಊಟ ತುಂಬಿದ ದೊಡ್ಡ ಡೇಗ್‌ಚಿಯನ್ನು ದೋಣಿಯ ನಡುವೆ, ಹಾಸಿಗೆ ಇರಬೇಕಾದ ಜಾಗದಲ್ಲಿ ಇಟ್ಟುಕೊಂಡು ಕೂತೆವು. ಹೊಳೆಯಲ್ಲಿ ನೀರು ಇನ್ನೂ ಇಳಿದಿರಲಿಲ್ಲ, ಶಾಂತವಾಗಿತ್ತು.

ತವರಿನ ಮನೆ ಆಚೆ ದಂಡೆಯ ಮೇಲೆಯೇ ಇತ್ತು. ಚಾಚಿಯ ತಾಯಿ ಬಾಗಿಲ ಬಳಿ ಮಂಚದ ಮೇಲೆ ಮಲಗಿದ್ದರು, ಒಂದು ಕೈಯಲ್ಲಿ ಮಾತ್ರ ಶಕ್ತಿ ಉಳಿದಿತ್ತು. ಮಗಳ ಸಾವಿನ ಸುದ್ದಿ ಅವರಿಗೆ ಮೊದಲೇ ಮುಟ್ಟಿತ್ತು. ಅಳಲಿಲ್ಲ. ದೋಣಿ ನೋಡಬೇಕು ಎಂದರು. ನಾಲ್ವರು ಮಂಚವನ್ನೇ ಎತ್ತಿ ನೀರಿನ ಅಂಚಿಗೆ ತಂದಿಟ್ಟರು. ಆ ಒಂದು ಕೈಯನ್ನು ರಬ್ಬರಿನ ಮೇಲೆ ಮೆಲ್ಲಗೆ ಆಡಿಸಿದರು.

"ಇದ್ರಾಗ ಕರ್ಕೊಂಡು ಬರೋನಿದ್ದೇನಪ್ಪ ಅವಳ್ನ?"

"ಹೂನಮ್ಮ" ಎಂದರು ಚಾಚಾ.

"ಒಳಗ ನೀರು ಬರ್ತಿತ್ತೇನು?"

"ಇಲ್ಲಮ್ಮ. ಒಂದ್ ಹನೀನೂ ಬರ್ತಿರ್ಲಿಲ್ಲ."

"ಮತ್ತೆ ಯಾಕಪ್ಪ ತಡ ಆತು?"

ಆ ತಾಯಿ ಚುಚ್ಚಲು ಕೇಳಿದ್ದಲ್ಲ, ಅವರಿಗೆ ನಿಜವಾಗಿಯೂ ಗೊತ್ತಾಗಬೇಕಿತ್ತು. ಚಾಚಾ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಕೊನೆಗೆ ಅವರೇ, ಬಹಳ ಸಣ್ಣ ದನಿಯಲ್ಲಿ, "ಅಂಚು ಆಗಿರ್ಲಿಲ್ಲಮ್ಮ" ಎಂದರು. ಅಷ್ಟು ಹೇಳಿ ಅಲ್ಲೇ ಮರಳಿನ ಮೇಲೆ ಕುಸಿದು ಕೂತರು. ಆ ಮುದುಕಿ ರಬ್ಬರಿನ ಮೇಲಿದ್ದ ಕೈ ತೆಗೆದು ಅಳಿಯನ ತಲೆಯ ಮೇಲೆ ಇಟ್ಟರು.

ದೋಣಿಯನ್ನು ಚಾಚಾ ಆ ಹಳ್ಳಿಯವರಿಗೇ ಬಿಟ್ಟು ಬಂದರು. ಬರುವಾಗ ನಾವು ಗಾಡಿ ಜಾಡಿನಲ್ಲಿ ನಡೆದು, ಬಸ್ಸು ಹಿಡಿದು ಬಂದೆವು. ಮುಂದೆಯೂ ಅವರು ಶೆಡ್ಡಿಗೆ ಹೋಗುತ್ತಿದ್ದರು, ಆದರೆ ಗಾಜಿನ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಟ್ಟರಂತೆ. ನಾವು ದೇವರಾಜ ಅರಸು ಬಡಾವಣೆಗೆ ಮನೆ ಬದಲಿಸಿದ ಕೆಲವು ವರ್ಷಗಳಲ್ಲಿ ಅವರೂ ಹೋದರು...

ಈಗ ನನ್ನ ವಯಸ್ಸು ಆಗಿನ ಚಾಚಿಯ ವಯಸ್ಸನ್ನು ದಾಟಿದೆ. ಚಾಚಾ ಮಾಡಿದ ತಡ ಬರೀ ಬಸ್ಸು ಕಟ್ಟುವವರ ಹಟವೋ, ಕಳಿಸಿಕೊಟ್ಟರೆ ಹೆಂಡತಿ ಮತ್ತೆ ಬರುವುದಿಲ್ಲ ಎಂಬ ಹೆದರಿಕೆಗೆ ಅವರು ಹುಡುಕಿಕೊಂಡ ನೆಪವೋ, ಇವತ್ತಿಗೂ ನನಗೆ ತಿಳಿಯದು. ಒಮ್ಮೊಮ್ಮೆ ಅವರ ಮೇಲೆ ಸಿಟ್ಟು ಬರುತ್ತದೆ, ಸಿಟ್ಟು ಪೂರ್ತಿ ಬರುವ ಮೊದಲೇ ಅಳು ಬರುತ್ತದೆ. ಅಷ್ಟು ಪ್ರೀತಿ ಮಾಡಿದವರನ್ನು ಬೈಯುವುದಾದರೂ ಹೇಗೆ? ಆದರೂ ಚಾಚಿ ತಾಯಿಯನ್ನು ನೋಡದೆಯೇ ಹೋದರು.