ತಂಗಿಯ ಮುಖದ ಜಾಗ

ರದ್ದಿ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಕತ್ತರಿಯಕ್ಕ ಎಂದು. ಮೂವತ್ತು ವರ್ಷದಿಂದ ಅದೇ ಮೂಲೆ, ಅದೇ ಮೋಟು ಸ್ಟೂಲು. ದಿನಪತ್ರಿಕೆಗಳು ಒಂದು ಕಡೆ, ನುಣುಪು ಕಾಗದದ ವಾರಪತ್ರಿಕೆಗಳು ಇನ್ನೊಂದು ಕಡೆ, ಶಾಲೆಯ ನೋಟುಪುಸ್ತಕಗಳು ಮತ್ತೊಂದು ಕಡೆ. ವಿಂಗಡಿಸುವಾಗ ಮನಸ್ಸಿಗೆ ಹಿಡಿಸಿದ ಚಿತ್ರವನ್ನು ಕತ್ತರಿಸಿಕೊಳ್ಳಲು ಯಜಮಾನರ ಅಪ್ಪಣೆ ಇತ್ತು.

“ಇಲ್ಲಿ ತೂಕಡಿಸ್ಬೇಡಿ ಮಾರಾಯ್ರೆ,” ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. “ನಮ್ಮಕ್ಕ ಮೂಗು ಕತ್ತರಿಸಿ ಪುಸ್ತಕಕ್ಕೆ ಅಂಟಿಸ್ಕೊಂಡ್ಬಿಡ್ತಾರೆ.”

“ನಿಮ್ಮ ಮೂಗಿಗೆ ಎರಡು ಪುಟ ಬೇಕಾಗುತ್ತೆ ಯಜಮಾನ್ರೇ, ಹೆದರ್ಬೇಡಿ,” ಎಂದು ಅವಳು ತಲೆಯೆತ್ತದೆ ಹೇಳುತ್ತಿದ್ದಳು.

ಅವಳ ಹತ್ತಿರ ಒಂದು ದಪ್ಪ ನೋಟುಪುಸ್ತಕವಿತ್ತು. ದಿನಕ್ಕೊಂದು ಪುಟ. ಅದರಲ್ಲಿ ಒಂದಕ್ಷರವನ್ನೂ ಬರೆಯುತ್ತಿರಲಿಲ್ಲ. ಆ ದಿನ ಹೇಗಿತ್ತೋ ಹಾಗೆ ಚಿತ್ರದ ಚೂರುಗಳನ್ನು ಹಿಟ್ಟಿನ ಅಂಟಿನಿಂದ ಅಂಟಿಸುತ್ತಿದ್ದಳು. ನಲ್ಲಿ ಸೋರಿದ ದಿನ ಒಂದು ಚಮಚ, ಒಂದು ತುಂಡು ಸಮುದ್ರ, ಅರ್ಧ ಗಡಿಯಾರ. ಯಾರೊಂದಿಗೂ ಮಾತಾಡದ ದಿನ ಬರೀ ಕಿಟಕಿಗಳು.

ಅವಳು ಈ ಅಂಗಡಿಗೆ ಯಾಕೆ ಸೇರಿದಳೆಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಹನ್ನೆರಡು ವರ್ಷದವಳಿದ್ದಾಗ ಅವಳು ಮನೆಯಲ್ಲಿದ್ದ ಒಂದೇ ಒಂದು ಫೋಟೊದಿಂದ ತಂಗಿಯ ಮುಖವನ್ನು ಕತ್ತರಿಸಿದ್ದಳು. ತನ್ನ ಶಾಲೆಯ ಪುಸ್ತಕದಲ್ಲಿದ್ದ ರಾಣಿಯ ಕತ್ತಿನ ಮೇಲೆ ಅದನ್ನು ಅಂಟಿಸಿದಾಗ ತಂಗಿಯೇ ಬಿದ್ದು ಬಿದ್ದು ನಕ್ಕಿದ್ದಳು. ಎರಡು ತಿಂಗಳಿಗೆ ಜ್ವರ ಬಂದು ತಂಗಿ ತೀರಿಕೊಂಡಳು. ಅಷ್ಟರಲ್ಲಿ ಆ ಪುಸ್ತಕ ರದ್ದಿಗೆ ಹೋಗಿತ್ತು. ಅಮ್ಮ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಫೋಟೊದಲ್ಲಿ ಈಗ ಉಳಿದಿರುವುದು ಎರಡು ಜಡೆಯ ಅವಳು, ಪಕ್ಕದಲ್ಲೊಂದು ಫ್ರಾಕು, ಫ್ರಾಕಿನ ಕಾಲರಿನ ಮೇಲೊಂದು ತೂತು. ಎಡಗಿವಿಯ ಹತ್ತಿರ ಮೊಂಡು ಕತ್ತರಿ ಜಾರಿ ಅಕ್ಕಿಕಾಳಿನಷ್ಟು ಹೆಚ್ಚಿಗೆ ಕತ್ತರಿಸಿತ್ತು.

ಬರಬರುತ್ತ ಆ ತೂತೇ ಅವಳಿಗೆ ಚಿತ್ರ ಹುಡುಕುವ ಸಾಧನವಾಯಿತು. ಪತ್ರಿಕೆಯ ಪುಟದ ಮೇಲೆ ಫೋಟೊ ಇಟ್ಟು ಮೆಲ್ಲಗೆ ಸರಿಸುತ್ತ ಹೋಗುವುದು. ಕಾಲರಿನ ಮೇಲೆ ಒಂದಾದ ಮೇಲೊಂದು ಬರುತ್ತಿದ್ದವು: ನಗುವ ಹೆಂಗಸು, ಕುದುರೆಯ ಕಣ್ಣು, ಅರ್ಧ ಚಂದ್ರ. ಉಳಿದದ್ದೆಲ್ಲ ಮರೆಯಾಗುತ್ತಿತ್ತು.

ಈ ವರ್ಷ ಅಮ್ಮನ ದೃಷ್ಟಿ ಕುಂದತೊಡಗಿತು. ಎರಡು ತಿಂಗಳು ಕಂಡರೆ ಹೆಚ್ಚು ಎಂದರು ಡಾಕ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಅವಳ ಕೈ ಹಿಡಿದಳು.

“ಸಣ್ಣವಳ ಮುಖ ಮರ್ತೇ ಹೋಗಿದೆ ಕಣೇ. ಕಣ್ಣು ಹೋಗೋದ್ರೊಳಗೆ ಒಂದ್ಸಲ ನೋಡ್ಬೇಕಿತ್ತು.”

ಅಂದಿನಿಂದ ಪ್ರತಿ ಸಂಜೆ ಆ ತೂತಿಗೆ ತಂಗಿಯ ಮುಖ ಜೋಡಿಸುವುದೇ ಕೆಲಸ. ಒಂದು ಪತ್ರಿಕೆಯಿಂದ ಹುಬ್ಬು, ಇನ್ನೊಂದರಿಂದ ತುಟಿ. ಅಮ್ಮ ಕಿಟಕಿಯ ಹತ್ತಿರ ಭೂತಗನ್ನಡಿ ಹಿಡಿದು ನೋಡುತ್ತಿದ್ದಳು.

“ಯಾರೇ ಇವಳು? ಟಿಕೆಟ್ ಕೌಂಟರಿನೋಳ ಥರ ಸಿಡುಕ್ತಿದಾಳೆ.”

ಮರುದಿನ: “ಒಂಬತ್ತು ವರ್ಷದವಳಿಗೆ ನಲವತ್ತು ಮಾಡಿಟ್ಟಿದೀಯಲ್ಲೇ!”

ಇಬ್ಬರೂ ನಗುತ್ತಿದ್ದರು. ಆಮೇಲೆ ಅಮ್ಮ ಭೂತಗನ್ನಡಿ ಕೆಳಗಿಡುತ್ತಿದ್ದಳು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಪತ್ರಿಕೆಗಳ ಕಟ್ಟೊಂದನ್ನು ಬಿಚ್ಚಿದಾಗ, ನಡುವಿನಿಂದ ಹೆಬ್ಬೆರಳಿನಷ್ಟು ದೊಡ್ಡ ಮುಖವೊಂದು ಅವಳ ಮಡಿಲಿಗೆ ಬಿತ್ತು. ಅವಳು ಚೀಲದಿಂದ ಫೋಟೊ ತೆಗೆದು ಆ ಮುಖವನ್ನು ತೂತಿಗೆ ಹಿಡಿದಳು. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತುಬಿಟ್ಟಿತು. ಎಡಗಿವಿಯ ಹತ್ತಿರ ಅಕ್ಕಿಕಾಳಿನಷ್ಟು ಹೊರಚಾಚಿದ್ದ ಕಾಗದವೂ ತನ್ನ ಜಾಗಕ್ಕೆ ಸೇರಿತು.

ಅವಳು ಚೂರನ್ನು ತಿರುಗಿಸಿ ನೋಡಿದಳು. ಹಿಂದೆ ಹಳದಿಗಟ್ಟಿದ ಫೋಟೊ ಕಾಗದ ಇರಬೇಕಿತ್ತು. ಇದ್ದದ್ದು ಸಾಬೂನಿನ ಜಾಹೀರಾತಿನ ತುಂಡು, ಮತ್ತು ಹೋದ ತಿಂಗಳ ತಾರೀಖು.

“ಏನಕ್ಕಾ, ಹಾವು ಕಂಡ ಹಾಗೆ ಕೂತ್ಬಿಟ್ರಲ್ಲ?” ಎಂದರು ಯಜಮಾನರು.

“ಈ ಕಟ್ಟು ಯಾರ ಮನೇದು?”

“ಯಾರಿಗ್ಗೊತ್ತು. ಬೆಳಿಗ್ಗೆ ಬಾಗಿಲು ತೆಗೆಯೋಕೆ ಬಂದಾಗ ಮೆಟ್ಟಿಲ ಮೇಲಿತ್ತು. ನೀವೇ ಇಟ್ಟಿದ್ದು ಅಂದ್ಕೊಂಡೆ.”

ಅವಳು ಕಟ್ಟಿನ ಒಂದೊಂದೇ ಪುಟ ಮಗುಚಿದಳು. ಕೊನೆಗೆ ಕತ್ತರಿಸಿದ ಪುಟ ಸಿಕ್ಕಿತು. ಗೋಡೆಯ ಮುಂದೆ ನಿಂತ ಇಬ್ಬರು ಹುಡುಗಿಯರು. ಚಿಕ್ಕವಳ ಕತ್ತಿನ ಮೇಲೆ ತೂತು. ದೊಡ್ಡವಳಿಗೆ ಎರಡು ಜಡೆ. ಅವಳ ಮುಖದ ಸುತ್ತ ಯಾರೋ ಪೆನ್ಸಿಲಿನಿಂದ ನಯವಾಗಿ ಒಂದು ಗೆರೆ ಎಳೆದಿದ್ದರು. ಕತ್ತರಿಸುವ ಮುಂಚೆ ಕತ್ತರಿಯಕ್ಕ ಎಳೆದುಕೊಳ್ಳುತ್ತಿದ್ದದ್ದೂ ಹಾಗೆಯೇ.

ಆ ಪುಟವನ್ನು ಅವಳು ರಾಶಿಯ ತಳಕ್ಕೆ ತುರುಕಿದಳು. ಮುಖವನ್ನು ಮಾತ್ರ ಮನೆಗೆ ತಂದು, ಹಿಂಭಾಗ ಯಾರಿಗೂ ಕಾಣದ ಹಾಗೆ ಪುಸ್ತಕದ ಪುಟಕ್ಕೆ ಅಂಟಿಸಿ, ಮೇಲೆ ಫೋಟೊ ಕೂರಿಸಿದಳು.

ಅಮ್ಮ ಬಹಳ ಹೊತ್ತು ನೋಡಿದಳು.

“ಇವಳೇ. ಇವಳೇ ಕಣೇ ನನ್ನ ಮಗು.” ಕಣ್ಣೊರೆಸಿಕೊಂಡು ಮತ್ತೆ ನೋಡಿದಳು. “ಆದ್ರೆ ಆವತ್ತು ಸೀದಾ ಮುಂದಕ್ಕೆ ನೋಡ್ತಿದ್ಲು. ಈಗ್ಯಾಕೆ ನಿನ್ನನ್ನೇ ನೋಡ್ತಿದಾಳೆ?”

ಹೌದು. ತಂಗಿಯ ಕಣ್ಣುಗಳು ಪಕ್ಕದಲ್ಲಿದ್ದ ಎರಡು ಜಡೆಯವಳ ಕಡೆ ತಿರುಗಿದ್ದವು.

ಹದಿನೈದು ದಿನಕ್ಕೆ ಅಮ್ಮನಿಗೆ ಏನೂ ಕಾಣದಾಯಿತು. ಅದಕ್ಕೆ ಅವಳು ಅಷ್ಟಾಗಿ ಮರುಗಲಿಲ್ಲ. “ನೋಡಾಯ್ತಲ್ಲ,” ಎನ್ನುತ್ತ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಫೋಟೊ ಸವರುತ್ತ ಕೂತಿರುತ್ತಿದ್ದಳು. ಕತ್ತರಿಯಕ್ಕ ಈಗ ಯಜಮಾನರಿಗಿಂತ ಮುಂಚೆ ಅಂಗಡಿಗೆ ಹೋಗಿ ಮೆಟ್ಟಿಲು ನೋಡುತ್ತಿದ್ದಳು. ಮೆಟ್ಟಿಲು ದಿನವೂ ಖಾಲಿ ಇರುತ್ತಿತ್ತು.

ಒಂದು ಸಂಜೆ ಅಮ್ಮನ ಬೆರಳು ಫೋಟೊದ ಮೇಲೆ ಒಂದು ಕಡೆ ನಿಂತಿತು. ಆಮೇಲೆ ನಿಧಾನವಾಗಿ ಒಂದು ಸುತ್ತು ಹೋಯಿತು.

“ಇಲ್ಲೇನೋ ಗೆರೆ ಸಿಗ್ತಿದೆಯಲ್ಲೇ. ನಿನ್ನ ಮುಖದ ಸುತ್ತ.”

ಅವಳು ಬಗ್ಗಿ ನೋಡಿದಳು. ಪೆನ್ಸಿಲಿನ ಗೆರೆ. ಎಡಗಿವಿಯ ಹತ್ತಿರ ಸ್ವಲ್ಪ ಹೊರಕ್ಕೆ ಜಾರಿತ್ತು.

“ಹಳೇ ಫೋಟೊ ಅಲ್ವಾಮ್ಮ, ಮಡಚಿ ಗೆರೆ ಬಿದ್ದಿರ್ಬೇಕು,” ಎಂದು ಹೇಳಿ, ಅವಳು ರಬ್ಬರು ಹುಡುಕಲು ಎದ್ದಳು. ಎಷ್ಟು ಉಜ್ಜಿದರೂ ಗೆರೆ ಹೋಗಲಿಲ್ಲ. ಆ ದಿನದ ಪುಟಕ್ಕೆ ಅವಳು ಏನನ್ನೂ ಅಂಟಿಸಲಿಲ್ಲ.